ಹಿಂದಕ್ಕೆ ಹಚ್ಚಿದ ನೆನಪು

ಹೆಣ್ಣುಮಗಳೊಬ್ಬಳು ಡಿಗ್ರಿ ಮುಗಿಸುವುದು ನಮ್ಮ ಮನೆತನದಲ್ಲಿ ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ ಹನುಮಂತಪ್ಪ. ಗುಟ್ಟಾಗಿ ಹೇಳಿದ್ದಲ್ಲ. ನವಲಿ ಕಡೆಯ ನಮ್ಮೂರಿನ ಕಟ್ಟೆಯ ಮೇಲೆ, ನಾಲ್ಕು ಮಂದಿ ಚಹಾ ಕುಡಿಯುತ್ತ ಕೂತಾಗ, ನಾನು ಕೊಡ ಹೊತ್ತು ಎದುರಿಗೇ ಹೋಗುತ್ತಿರುವಾಗ ಹೇಳಿದ್ದು. "ಈಕಿ ತಲಿ ಅಂದ್ರ ಸಾಣಿಗಿ ಐತ್ರೀ. ಹಿಟ್ಟು ಸೋರಿದಂಗ ಅಕ್ಷರ ಸೋರಿ ಹೋಕ್ಕಾವ." ನಾಲ್ಕೂ ಮಂದಿ ಹೌದೆಂದು ತಲೆಯಾಡಿಸಿದರು. ಚಹಾ ಕೊಡಿಸಿದವರು ದೊಡ್ಡಪ್ಪನೇ ಆದ್ದರಿಂದ ಬೇರೆ ದಾರಿಯೂ ಅವರಿಗಿರಲಿಲ್ಲ.

ದೊಡ್ಡಪ್ಪನ ಮಾತಿಗೆ ಆಧಾರವಿರಲಿಲ್ಲವೆಂದು ನಾನು ಹೇಳಲಾರೆ. ಮನೆಯಲ್ಲೇ ಕೂತು ಓದುವ ಬಿ.ಎ. ಕಟ್ಟಿ ಉಳಿದೆಲ್ಲ ವಿಷಯ ದಾಟಿದವಳು ಮನಃಶಾಸ್ತ್ರದಲ್ಲಿ ಎರಡು ಸಲ ಬಿದ್ದಿದ್ದೆ. ಎರಡು ಸಲವೂ ಕೆಡವಿದ್ದು ಒಂದೇ ಪಾಠ. ಅದರ ಹೆಸರು 'ನೆನಪು'. ನೆನಪಿನ ಮೇಲೆ ಪ್ರಭಾವ ಬೀರುವ ಅಂಶಗಳನ್ನು ವಿವರಿಸಿ ಎಂದು ಕೇಳಿದ್ದರು. ಓದಿದ್ದ ಅಂಶಗಳೆಲ್ಲ ಪರೀಕ್ಷೆಗೆ ಬಂದ ಗಂಗಾವತಿ ಬಸ್ಸಿನಿಂದ ನನ್ನ ಜೊತೆ ಇಳಿಯದೆ ಮುಂದಕ್ಕೆ ಹೋಗಿಬಿಟ್ಟಿದ್ದವು. ಈಜು ಕಲಿಸುವ ಪುಸ್ತಕ ಓದುತ್ತ ಬಾವಿಗೆ ಬಿದ್ದವರನ್ನು ನೀವು ಕಂಡಿರಲಿಕ್ಕಿಲ್ಲ; ನನ್ನನ್ನು ನೋಡಿಕೊಳ್ಳಿ.

ಮೂರನೆಯ ಸಲ ಕೂರುವಾಗ ವಿಶ್ವವಿದ್ಯಾಲಯ ಒಂದು ಮಾತು ತಿಳಿಸಿತು: ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಅವಕಾಶ. ದೊಡ್ಡಪ್ಪನೂ ಒಂದು ಮಾತು ತಿಳಿಸಿದರು: "ಈ ಸಲ ಆಗ್ಲಿಲ್ಲಂದ್ರ ನಿನ್ನ ಪುಸ್ತಕಾನೂ ಬಂದ್, ರೇಣುಕಾನ ಕಾಲೇಜೂ ಬಂದ್." ರೇಣುಕಾ ನನ್ನ ತಂಗಿ. ಆಗಷ್ಟೇ ಹತ್ತನೆಯ ತರಗತಿ ಮುಗಿಸಿ, ಕಾಲೇಜಿಗೆ ಯಾವ ಬಣ್ಣದ ಚೀಲ ಒಪ್ಪುತ್ತದೆ ಎಂಬ ಚಿಂತೆಯಲ್ಲಿದ್ದಳು. ನಮ್ಮಪ್ಪ ಅಣ್ಣನ ಮಾತು ಮೀರುವವನಲ್ಲ. ಹಾಗಾಗಿ ಆ ಸಲ ನಾನು ಪರೀಕ್ಷೆಗೆ ಒಬ್ಬಳೇ ಹೋಗುವಂತಿರಲಿಲ್ಲ. ತಂಗಿಯ ಚೀಲವನ್ನೂ ಹೆಗಲಿಗೆ ಹಾಕಿಕೊಂಡೇ ಹೋಗಬೇಕಿತ್ತು.

ಸುದ್ದಿ ತಿಳಿದದ್ದೇ ತಡ, ಊರೆಲ್ಲ ನನ್ನ ನೆನಪಿನ ರಿಪೇರಿಗೆ ನಿಂತಿತು. ಒಬ್ಬರು ಒಂದೆಲಗದ ರಸ ತಂದರು. ಇನ್ನೊಬ್ಬರು ಬಜೆಬೇರು ತೇಯ್ದು ನಾಲಿಗೆಗೆ ಹಚ್ಚಿದರು. ಅದರ ರುಚಿ ಮಾತ್ರ ಇವತ್ತಿಗೂ ಮರೆತಿಲ್ಲ. ನಮ್ಮ ಸೋದರತ್ತೆ ರಾತ್ರಿಯೆಲ್ಲ ನಿದ್ದೆಗೆಟ್ಟು ಓದೆಂದಳು. ನಿದ್ದೆ ಮಾಡಿದರೇ ಓದಿದ್ದು ನಿಲ್ಲುತ್ತದೆಂದು ಪುಸ್ತಕದಲ್ಲಿತ್ತು, ತೋರಿಸಿದೆ. "ಅದನ್ನ ಬರದಾಂವ ಮಲಗಿದ್ನೇನ?" ಎಂದಳು. ಅತ್ತೆಯ ನೆನಪಿನ ಬಗ್ಗೆ ನನಗೆ ಗೌರವವಿದೆ. ಮೊಮ್ಮಕ್ಕಳ ಹೆಸರು ಅದಲುಬದಲು ಮಾಡಿ ಕರೆಯುವ ಆಕೆಗೆ, ಯಾವುದೋ ಕಾಲದಲ್ಲಿ ಯಲಬುರ್ಗಾದ ಮದುವೆಯೊಂದರಲ್ಲಿ ಎರಡನೆಯ ಸಲ ಹೋಳಿಗೆ ಬಡಿಸದೆ ಮುಂದೆ ಹೋದವಳ ಹೆಸರು, ಆಕೆಯ ತವರೂರು, ಉಟ್ಟ ಸೀರೆಯ ಅಂಚು ಎಲ್ಲ ಬಾಯಿಪಾಠ. ಭಾವನೆ ಬೆರೆತದ್ದು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಪುಸ್ತಕ ಹೇಳುವುದು ಇದನ್ನೇ. ಪುಸ್ತಕ ಅದನ್ನು ಅರ್ಧ ಪುಟ ಹೇಳುತ್ತದೆ. ಅತ್ತೆ ಅರ್ಧ ದಿನ ಹೇಳುತ್ತಾಳೆ.

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಯಾರೂ ಮನೆಯಲ್ಲಿ ಕೂತು ಓದುವುದಿಲ್ಲ. ಅವ್ವನ ಜೊತೆ ನಾನೂ ಕೂಲಿಗೆ ಸಸಿ ಹಚ್ಚಲು, ಅಂದರೆ ನಾಟಿ ಮಾಡಲು, ಹೋದೆ. ಭತ್ತದ ಸಸಿ ಹಚ್ಚುವುದನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ: ಸಾಲಾಗಿ ಬಗ್ಗಿ ನಿಂತು, ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಸರಿಯಬೇಕು. ಮುಂದೆ ಹೋದರೆ ಹಚ್ಚಿದ್ದನ್ನು ನಾವೇ ತುಳಿಯುತ್ತೇವೆ. ಕೈಗೆ ಕೆಲಸ, ಬಾಯಿಗೆ ಬಿಡುವು. ನಾನು ಪಾಠ ಗುಣುಗುಣಿಸತೊಡಗಿದೆ. ಆಚೆ ಬದುವಿನ ಹತ್ತಿರ 'ಗಮನ' ಹಚ್ಚಿದೆ. ಸ್ವಲ್ಪ ಹಿಂದೆ ಸರಿದು 'ಆಸಕ್ತಿ'. ನಡುಗದ್ದೆಯಲ್ಲಿ 'ಪುನರಾವರ್ತನೆ', ಆಮೇಲೆ 'ಭಾವನೆ'. ಈಚೆ ಬದುವಿಗೆ ಬರುವ ಹೊತ್ತಿಗೆ 'ನಿದ್ದೆ'. ನಿಜವಾದ ನಿದ್ದೆಯೂ ಅಲ್ಲಿಗೇ ಬರುತ್ತಿತ್ತು.

ಪಕ್ಕದ ಸಾಲಿನಲ್ಲಿದ್ದ ಗೆಳತಿ ಖಾಸಿಂಬಿ ಕೇಳಿಯೇಬಿಟ್ಟಳು: "ಏನವಾ, ಸಸಿಗಿ ಮಂತ್ರಾ ಹಾಕಾಕತ್ತೀಯೇನ? ಹುಳಾ ಬಿದ್ರ ನಿನ್ ಹೆಸರ ಹೇಳ್ತೀನಿ ನೋಡು."

"ನೆನಪು ಹಚ್ಚಾಕತ್ತೀನಿ" ಎಂದೆ.

"ಹಚ್ಚು ಹಚ್ಚು. ಜರಾ ಒತ್ತಿ ಹಚ್ಚು, ತೇಲಿ ಹೋದೀತು!"

ಹಿಂದಿನ ಕಾಲದಲ್ಲಿ ದೂರದೇಶದ ಭಾಷಣಕಾರರು ಮನಸ್ಸಿನಲ್ಲೊಂದು ಅರಮನೆ ಕಟ್ಟಿಕೊಂಡು, ಕೋಣೆಗೊಂದರಂತೆ ಮಾತುಗಳನ್ನು ಇಟ್ಟು ಬರುತ್ತಿದ್ದರಂತೆ. ಭಾಷಣದ ಹೊತ್ತಿಗೆ ಕೋಣೆ ಕೋಣೆ ಹೊಕ್ಕು ಎತ್ತಿಕೊಂಡು ಬರುವುದು. ಇದನ್ನು ನಾನು ಆಮೇಲೆ ಓದಿ ತಿಳಿದೆ. ನಮ್ಮಲ್ಲಿ ಅರಮನೆಯಿರಲಿಲ್ಲ, ಮಂದಿಯ ಗದ್ದೆಯಿತ್ತು. ಆದರೆ ಆ ಭಾಷಣಕಾರರು ಅರಮನೆಯೊಳಗೆ ಬೆನ್ನು ಮುಂದೆ ಮಾಡಿ ನಡೆದವರಲ್ಲ. ನಾನು ನಡೆದಿದ್ದೆ. ಅದರ ಫಲ ಕೊಪ್ಪಳದ ಪರೀಕ್ಷಾ ಕೋಣೆಯಲ್ಲಿ ಸಿಕ್ಕಿತು.

ಅದೇ ಪ್ರಶ್ನೆ ಬಂದಿತ್ತು. ಕಣ್ಣು ಮುಚ್ಚಿದೆ. ಗದ್ದೆ ಕಂಡಿತು. ಕೆಸರಿನ ವಾಸನೆಯೂ ಬಂತು. ಆದರೆ ನಾನು ನಿಂತಿದ್ದು ಈಚೆ ಬದುವಿನ ಮೇಲೆ! ಕಾಲಬುಡದಲ್ಲಿ ಕಡೆಯ ಅಂಶವಾದ ನಿದ್ದೆ ಕಾಣುತ್ತಿತ್ತು. ಮೊದಲನೆಯದು ಆಚೆ ದಡದಲ್ಲಿ ಮಬ್ಬಾಗಿತ್ತು. ಎಷ್ಟು ತಿಣುಕಿದರೂ ಅದು ಹತ್ತಿರ ಬರಲಿಲ್ಲ. ರೇಣುಕಾನ ಚೀಲ ಕಣ್ಣಮುಂದೆ ತೂಗಾಡಿತು. ಕೊನೆಗೆ, ಇದ್ದಲ್ಲಿಂದಲೇ ಗದ್ದೆಗೆ ಇಳಿಯುವುದೆಂದು ತೀರ್ಮಾನಿಸಿ, ಹಾಳೆಯ ಅಡಿಯಲ್ಲಿ 'ನಿದ್ದೆ' ಬರೆದು, ಅದರ ಮೇಲೆ ಜಾಗ ಬಿಟ್ಟು 'ಭಾವನೆ' ಬರೆದು, ಕೆಳಗಿನಿಂದ ಮೇಲಕ್ಕೆ ಹೊರಟೆ.

ಮೇಲ್ವಿಚಾರಣೆಗೆ ಬಂದಿದ್ದ ಮೇಷ್ಟ್ರು ನನ್ನ ಬೆಂಚಿನ ಹತ್ತಿರ ನಿಂತುಬಿಟ್ಟರು. "ಏನ್ರೀ ಇದು? ಕೆಳಗಿಂದ ಮ್ಯಾಲಕ ಹೊಂಟೀರಿ?"

"ಸರ್, ಸಸಿ ಹಚ್ಚಿಕೋತ ಹಿಂದಕ ಬಂದಿದ್ದೆ. ಈಗ ಕಳೆ ತಗಿಯಾಕ ಮುಂದಕ ಹೊಂಟೀನ್ರಿ."

ಅವರೂ ಭತ್ತದ ಸೀಮೆಯವರೇ ಇರಬೇಕು. ಮೀಸೆಯೊಳಗೆ ನಕ್ಕರು. "ಗದ್ದಿ ನಿಮ್ದು, ಹ್ಯಾಂಗರ ಹೋಗ್ರಿ. ಬಾಜೂದವರ ಗದ್ಯಾಗ ಮಾತ್ರ ಕಾಲಿಡಬ್ಯಾಡ್ರಿ."

ಆಚೆ ಬದು ಮುಟ್ಟಿ 'ಗಮನ' ಎಂದು ಬರೆಯುವಾಗ ಗಂಟೆ ಹೊಡೆಯಿತು.

ಪಾಸಾದೆ. ಪಾಸಾದ ಮೇಲೆ ನೆನಪಿನ ಬಗ್ಗೆ ನಾನು ಕಲಿತದ್ದು ಯಾವ ಪಾಠದಲ್ಲೂ ಇರಲಿಲ್ಲ. ಫೇಲಾದಾಗ ಯಾರಿಗೂ ಏನೂ ನೆನಪಿರಲಿಲ್ಲ. ಪಾಸಾದ ಕೂಡಲೇ ಊರಿಗೆಲ್ಲ ನೆನಪು ಉಕ್ಕಿ ಬಂತು. ಬಜೆಬೇರಿನವರಿಗೆ ಬಜೆ ನೆನಪಾಯಿತು, ಒಂದೆಲಗದವರಿಗೆ ಒಂದೆಲಗ. ನನಗೆ ಎಂದೂ ಪಾಠ ಹೇಳದ ಒಬ್ಬ ಮೇಷ್ಟ್ರಿಗೆ ನಾನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದುದು ಚೆನ್ನಾಗಿ ನೆನಪಿತ್ತು. ದೊಡ್ಡಪ್ಪ ಮಾತ್ರ, ರೇಣುಕಾನ ಕಾಲೇಜಿನ ಸುದ್ದಿ ತೆಗೆದರೆ, "ಈಕಿದು ಹೆಂಗೋ ಆತು. ಆಕಿದು ನೋಡೂಣು" ಎನ್ನುತ್ತಿದ್ದರು. ಅವರ 'ನೋಡೂಣು' ಎಂಬುದರೊಳಗೆ ಹೋದ ಕೆಲಸ ಹೊರಗೆ ಬಂದದ್ದನ್ನು ನಾವು ಯಾರೂ ಕಂಡಿಲ್ಲ.

ಪದವಿಯ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಅಂಚೆಯಣ್ಣ ಮನೆಗೆ ಹಿರಿಯರೆಂದು ಅದನ್ನು ಕಟ್ಟೆಯ ಮೇಲಿದ್ದ ದೊಡ್ಡಪ್ಪನ ಕೈಗೇ ಇತ್ತ. ದೊಡ್ಡಪ್ಪ ಅದನ್ನು ಮನೆಗೆ ಕಳಿಸಲಿಲ್ಲ. ನಮ್ಮನ್ನೇ ಕಟ್ಟೆಗೆ ಕರೆಸಿದರು. ಊರೂ ಬಂತು. ಅವರು ಎದ್ದು ನಿಂತು ರುಮಾಲು ಸರಿಮಾಡಿಕೊಂಡರು.

"ಇದ ಕಟ್ಟಿ ಮ್ಯಾಲೆ ಕುಂತು ನಾ ಅವತ್ತ ಹೇಳಿದ್ನೋ ಇಲ್ಲೋ? ನಮ್ಮ ಮನಿತನದ ಹೆಣ್ಮಕ್ಕಳ ತಲಿ ಅಂದ್ರ ಕಬ್ಬಿಣದ ಪೆಟಗಿ, ಒಂದ್ ಅಕ್ಷರ ಹೊರಗ ಹೋಗಂಗಿಲ್ಲ ಅಂತ?"

"ಹೇಳಿದ್ರಿ, ಹೇಳಿದ್ರಿ" ಎಂದರು ಆ ನಾಲ್ಕೂ ಮಂದಿ.

ದೊಡ್ಡಪ್ಪ ಸುಳ್ಳು ಹೇಳುತ್ತಿದ್ದರೆ ನನಗೆ ಇಷ್ಟು ಸೋಜಿಗವಾಗುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅವರಿಗೆ ಹಾಗೇ ನೆನಪಿತ್ತು! ನೆನಪೆಂದರೆ ಮಡಚಿಟ್ಟ ಸೀರೆಯಲ್ಲ, ಬೇಕೆಂದಾಗಲೆಲ್ಲ ಹೊಸದಾಗಿ ಬೇಯಿಸುವ ಅಡುಗೆ. ಒಲೆಯ ಮುಂದೆ ಕೂತವರ ಹಸಿವಿಗೆ ತಕ್ಕಂತೆ ಉಪ್ಪು ಖಾರ ಬೀಳುತ್ತದೆ. ಇಷ್ಟೆಲ್ಲ ಓದಿ ಪಾಸಾಗಿದ್ದರೂ ನನಗೆ ತಡೆಯಲಾಗಲಿಲ್ಲ. ಪ್ರಮಾಣಪತ್ರ ನನ್ನ ಕೈಗೆ ಬಂದ ಮರುಕ್ಷಣವೇ, "ದೊಡ್ಡಪ್ಪಾ, ಅವತ್ತ ನೀವು ಅಂದದ್ದು..." ಎಂದು ಬಾಯಿ ತೆರೆದೆ.

ಅವ್ವ ಸೆರಗಿನ ಮರೆಯಲ್ಲಿ ನನ್ನ ಸೊಂಟ ಚಿವುಟಿದಳು. ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಸುಮ್ನಿರ ಹುಚ್ಚಿ. ಅವರಿಗೆ ಹಂಗ ನೆನಪಿರ್ಲಿ ಬಿಡು. ಊರ ಮುಂದ ಇಷ್ಟು ಹೇಳಿದ ಮ್ಯಾಲೆ ರೇಣುಕಾನ ಕಾಲೇಜಿಗಿ ಬ್ಯಾಡ ಅನ್ನಾಕ ಬಾಯಿ ಎಲ್ಲಿಂದ ತರ್ತಾರ?"