ಬೀದಿಯ ಫ್ಯೂಸುಗಳೆಲ್ಲ ಒಂದೇ ಚೀಲದಲ್ಲಿ

ನೆರೆ ಇಳಿದ ಮೂರನೆಯ ದಿನ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ಹೆಗಲಿಗೊಂದು ಗೋಣಿಚೀಲ ಏರಿಸಿ, ಕೆಸರುಬೀದಿಗೆ ದಂಡನಾಯಕನ ಠೀವಿಯಲ್ಲಿ ಕಾಲಿಟ್ಟವನು ವೈರ್‌ಮಾಮ. ಮೂವತ್ತು ವರ್ಷದಿಂದ ಆ ಬೀದಿಯ ದೀಪ, ಫ್ಯಾನು, ಪಂಪುಗಳ ನಾಡಿ ಹಿಡಿದು ನೋಡಿದ ಎಲೆಕ್ಟ್ರಿಷಿಯನ್. ಅವನಿಗಿಂತ ಹಿರಿಯರೂ ಅವನನ್ನು ಮಾಮ ಎಂದೇ ಕರೆಯುತ್ತಿದ್ದರು.

ನಿಂತಿದ್ದ ಕರೆಂಟು ಸಂಜೆಗೆ ಬರುವುದಿತ್ತು. ನೆನೆದ ಗೋಡೆಗೆ ಅದು ನುಗ್ಗಿದರೆ, ಪ್ರವಾಹ ಬಿಟ್ಟುಹೋದವರನ್ನು ಸ್ವಿಚ್ಚು ಕೊಂಡೊಯ್ಯುತ್ತದೆ ಎಂಬುದು ಅವನ ಭಯ. ಆದ್ದರಿಂದ ಮನೆಯವರನ್ನು ಹೊರಗೇ ನಿಲ್ಲಿಸಿ, ಉದ್ದ ಕೋಲಿನಿಂದ ಮೂಲೆಮೂಲೆ ತಡವಿ ಹಾವು ಚೇಳುಗಳಿಗೆ ತೆರವಿನ ನೋಟೀಸು ಕೊಟ್ಟು, ಮೀಟರಿನ ಫ್ಯೂಸು ಕಿತ್ತು ಚೀಲಕ್ಕೆ ಹಾಕುತ್ತಿದ್ದ. ವೈರಿಂಗ್ ಒಣಗಿ, ತಾನು ಪರೀಕ್ಷಿಸುವ ತನಕ ಯಾರಿಗೂ ವಾಪಸಿಲ್ಲ.

ಹದಿನೆಂಟು ಕೋಟೆಗಳು ತುಟಿಪಿಟಕ್ಕೆನ್ನದೆ ಶರಣಾದವು. ಹತ್ತೊಂಬತ್ತನೆಯದು ಅವನ ಅಕ್ಕನ ಮನೆ.

ಅಕ್ಕ ದರ್ಜಿ. ತಾಯಿಯಿಲ್ಲದ ಈ ತಮ್ಮನನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದವಳು. ಆ ಮೆಷಿನ್ನಿಗೆ ಹೋದ ವರ್ಷವಷ್ಟೇ ಮೋಟಾರು ಬಂದಿತ್ತು. ಅದನ್ನು ಫಳಫಳ ಒರೆಸಿಟ್ಟು, ಮೀಟರಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅಕ್ಕ, ಸರಿ ಆಚೆ. ಫ್ಯೂಸ್ ತೆಗೀಬೇಕು."

"ಸರಿಯೋದಿಲ್ಲ ಹೋಗೋ. ಕರೆಂಟ್ ಬಂದ ತಕ್ಷಣ ಮೋಟಾರ್ ಓಡಿಸ್ತೀನಿ. ಬಿಸಿಯಾದ್ರೆ ತಾನೇ ಒಣಗುತ್ತೆ."

"ಒಣಗೋದು ಮೋಟಾರಲ್ಲ, ನೀನು!"

"ಏಯ್, ನಿನ್ನ ಸಿಂಬಳ ಒರೆಸಿದ ಕೈ ಇದು. ನನಗೇ ಪಾಠನಾ?"

ಬೀದಿಯೇ ಬಾಗಿಲಿಗೆ ಬಂದು ನಿಂತಿತು. ದಂಡನಾಯಕ ಹೆಗಲ ಚೀಲವನ್ನೊಮ್ಮೆ ನೋಡಿಕೊಂಡ. ಇಲ್ಲಿ ಸೋತರೆ ಹದಿನೆಂಟು ಮನೆಯವರೂ ಚೀಲಕ್ಕೆ ಕೈ ಹಾಕುವರು. ಗೆದ್ದರೆ ಅಕ್ಕ ಮಾತು ಬಿಡುವಳು. ಬಿಡಲಿ, ಜೀವ ಇದ್ದರೆ ತಾನೆ ಮುನಿಸು ಎಂದುಕೊಂಡು, ಸ್ಕ್ರೂಡ್ರೈವರ್ ತೆಗೆದು ಮೋಟಾರಿನ ಮುಚ್ಚಳ ಬಿಚ್ಚಿದ.

ಗುಳುಗುಳು ಎಂದು ಕಂದುನೀರು ಹರಿಯಿತು. ಹಿಂದೆಯೇ ಉಗುರಿನಷ್ಟು ಕಪ್ಪೆಮರಿಯೊಂದು ಹೊರಬಂದು, ಬಾಡಿಗೆ ಕರಾರು ಮುಗಿಯುವ ಮೊದಲೇ ಒಕ್ಕಲೆಬ್ಬಿಸಿಕೊಂಡವರ ಹಾಗೆ ಅಕ್ಕನನ್ನು ದುರುಗುಟ್ಟಿ ನೋಡಿತು.

"ನೀನೊಬ್ಬಳೇ ಅಲ್ಲ, ಇವನನ್ನೂ ಕರ್ಕೊಂಡು ಹೋಗ್ತಿದ್ದೆ," ಎಂದ ತಮ್ಮ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತಾಗ ಮೋಟಾರನ್ನೊಮ್ಮೆ, ತನ್ನ ಒದ್ದೆ ಕಾಲನ್ನೊಮ್ಮೆ ನೋಡಿಕೊಂಡು, ತೆಪ್ಪಗೆ ಪಕ್ಕಕ್ಕೆ ಸರಿದಳು.

ವೈರ್‌ಮಾಮನ ಸೇನಾಧಿಪತ್ಯ ಅಲ್ಲಿಗೇ ಮುಗಿಯಿತು. ಇಪ್ಪತ್ತನೆಯ ಮನೆಯ ಮುಂದೆ ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕನ ಕಂಠ ಮೊಳಗಿತು:

"ಏನ್ರೀ ಮಿಕಮಿಕ ನೋಡ್ತೀರಾ? ಹೊರಗೆ ಬನ್ನಿ, ನಮ್ಮ ಹುಡುಗ ಫ್ಯೂಸ್ ತೆಗೀಲಿ! ಒಳಗೆ ಯಾರ್ಯಾರು ಸಂಸಾರ ಹೂಡಿದ್ದಾರೋ ನಿಮಗೇನ್ ಗೊತ್ತು?"