ನನ್ನ ಉಗುಳು ಒಯ್ದ ಹುಡುಗಿ

ಮೊನ್ನೆ ಬಾಜೂ ಮನೆಯಲ್ಲಿ ಹಂಚಿನ ಮೇಲೆ ತಂಬಾಕು ಹುರಿದರು. ಆ ಘಾಟು ಗೋಡೆ ದಾಟಿ ಬಂತು. ಸೀನುತ್ತಲೇ, ನಮ್ಮ ಗೋಕಾಕದ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು…

ಮಕ್ಕಳೇ, ನೀವು ಆಗ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ಹೋದ ಮರುವರ್ಷ. ಅವಳು ಮೂಡಲಗಿಯವಳು. ಚಟ ಹತ್ತಿದವರ ಮೈಯಲ್ಲಿ, ಮಿದುಳಿನಲ್ಲಿ ಏನಾಗುತ್ತದೆ ಎಂದು ಹುಡುಕುವ ವಿಜ್ಞಾನಿಯಾಗಲು ತರಬೇತಿ ಪಡೆಯುತ್ತಿದ್ದಳು. ಮೊದಲ ವರ್ಷ ಅವಳಿಗೆ ಕೊಟ್ಟ ಕೆಲಸವೆಂದರೆ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ತಂಬಾಕು ತಿನ್ನುವವರ ಉಗುಳನ್ನು ಬಾಟಲಿಯಲ್ಲಿ ಹಿಡಿದು ತರುವುದು. ಇಷ್ಟು ಓದಿದವಳಿಗೆ ಇದೇನು ಕೆಲಸ ಎಂದು ನನಗೆ ಮರುಕ.

ಹೋಲಿಸಿ ನೋಡಲು ಚಟವಿಲ್ಲದವರ ಉಗುಳೂ ಬೇಕಿತ್ತು. "ಕಾಕು, ನಿಮಗ ತಂಬಾಕ, ಗುಟಖಾ, ಏನರ ಚಟ ಐತೇನ್ರಿ?" ಎಂದು ಕೇಳಿದಳು.

"ಶಿವಶಿವಾ, ಇಲ್ಲ ತಂಗಿ" ಎಂದು ಬೆನ್ನು ತಿರುಗಿಸಿ, ನಾಚುತ್ತ ಬಾಟಲಿಯಲ್ಲಿ ಉಗುಳಿದೆ.

ವಾರದ ಮೇಲೆ ಅವಳ ಗುರುಗಳ ಫೋನು ಬಂತು. ಚಟವಿಲ್ಲದವರದೆಂದು ಕೊಟ್ಟ ಒಂದು ಬಾಟಲಿಯಲ್ಲಿ ತಂಬಾಕಿನ ಅಂಶ ಎಲ್ಲರಿಗಿಂತ ಹೆಚ್ಚಿದೆಯಂತೆ! ಬಾಟಲಿ ಅದಲುಬದಲು ಮಾಡುವವಳಿಗೆ ತರಬೇತಿ ಬೇಡ, ಮನೆಗೆ ಹೋಗು ಎಂದರಂತೆ. ಅವಳು ಊಟ ಬಿಟ್ಟು ಕಟ್ಟೆಯ ಮೇಲೆ ಅಳುತ್ತ ಕೂತಳು.

ನಾನು ಬಹಳ ಹೊತ್ತು ಒಲೆಯ ಮುಂದಿದ್ದೆ. ಕೊನೆಗೆ ಜೋಳದ ಹಿಟ್ಟಿನ ಡಬ್ಬದ ಹಿಂದಿನಿಂದ ಮಶೇರಿಯ ಪುಟ್ಟ ಡಬ್ಬಿ ತೆಗೆದು ಅವಳ ಮುಂದಿಟ್ಟೆ. ಮಶೇರಿ ಎಂದರೆ ಹುರಿದ ತಂಬಾಕಿನ ಪುಡಿ. ನಮ್ಮ ಕಡೆಯ ಹೆಂಗಸರು ಗಂಡಸರ ಕಣ್ಣು ತಪ್ಪಿಸಿ ಹಲ್ಲಿಗೆ ತಿಕ್ಕುವುದು.

"ಚಟ ಇಲ್ಲ ಅಂದ್ರಲ್ರಿ ಕಾಕು!"

"ಇದು ಚಟ ಹೆಂಗಾಕೈತಿ? ಹಲ್ಲ ತಿಕ್ಕೋದು."

"ದಿನಕ್ಕ ಎಷ್ಟ ಸಲ?"

"ಐದು… ಸೋಮಾರ ಉಪಾಸ ಇದ್ರ ಏಳು."

ಅಳುತ್ತಿದ್ದವಳು ನಕ್ಕು ನಕ್ಕು ಕಟ್ಟೆಯಿಂದ ಜಾರಿದಳು. ಆಮೇಲೆ ಗುರುಗಳಿಗೆ ಫೋನು ಹಚ್ಚಿ ನನ್ನ ಕಿವಿಗೇ ಹಿಡಿದಳು. ಪರ ಗಂಡಸರೊಡನೆ ಮಾತಾಡಿ ಗೊತ್ತಿಲ್ಲದ ನಾನು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ: "ಸಾಹೇಬ್ರ, ಹುಡುಗೀದು ಏನೂ ತಪ್ಪಿಲ್ರಿ. ಆ ಉಗುಳ ನಂದ ರೀ."

ಅವಳ ತರಬೇತಿ ಉಳಿಯಿತು. ಅಂದಿನಿಂದ ಅವಳ ಜೊತೆಯವರೆಲ್ಲ ಹೆಂಗಸರನ್ನು ಮೊದಲು ಕೇಳಬೇಕಾದ ಪ್ರಶ್ನೆ, ಹಲ್ಲಿಗೆ ಏನು ತಿಕ್ಕುತ್ತೀರಿ ಎಂಬುದೇ ಆಯಿತಂತೆ.

ಖೋಲಿ ಬಿಟ್ಟು ಹೋಗುವಾಗ, "ಮಶೇರಿ ಬಿಡ್ರಿ ಕಾಕು. ಬಿಟ್ಟ ಮ್ಯಾಲ ಹೇಳ್ರಿ, ನಾನ ಬಾಟಲಿ ತಗೊಂಡ ಬರ್ತೇನಿ" ಎಂದಳು. ಬಿಡಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕಾಮಾಲೆ ಅವಳನ್ನು ಒಯ್ದಿತ್ತು…

ಮೊನ್ನೆ ಆ ಘಾಟಿಗೆ ಬಾಯಲ್ಲಿ ನೀರೂರಿತು. ನುಂಗಿಕೊಂಡೆ. ಈಗ ನನ್ನ ಉಗುಳು ಸ್ವಚ್ಛವಿದೆ ಮಕ್ಕಳೇ, ಬಾಟಲಿ ಹಿಡಿಯಲು ಅವಳಿಲ್ಲ.