ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ

ಅಣ್ಣ ಸೋತದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಉಣಕಲ್‌ನ ಗರಡಿಯಲ್ಲಿ ಅವನೊಂದಿಗೆ ಕುಸ್ತಿ ಹಿಡಿಯುತ್ತಿದ್ದವರೆಲ್ಲ ನಮ್ಮ ಓಣಿಯವರೇ. ಒಬ್ಬೊಬ್ಬರ ಪಟ್ಟೂ ಅವನಿಗೆ ಬಾಯಿಪಾಠವಾಗಿತ್ತು. ಅವನು ಅವರನ್ನು ಚಿತ್ ಮಾಡುವುದನ್ನು ನೋಡಿ ನೋಡಿ, ಮಗ ರಾಜ್ಯಕ್ಕೇ ದೊಡ್ಡ ಪೈಲ್ವಾನನಾಗುತ್ತಾನೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಅಪ್ಪನದು ಅಮರಗೋಳದಲ್ಲಿ ಕಾಳಿನ ವ್ಯಾಪಾರ. ಅಂಗಡಿಗೆ ಬಂದವರೆದುರೆಲ್ಲ ಇದೇ ಮಾತು.

ಧಾರವಾಡದ ಆಯ್ಕೆ ಪಂದ್ಯಕ್ಕೆ ನಾವೆಲ್ಲ ಕಾರಿನಲ್ಲಿ ಹೋದೆವು. ಗೆದ್ದ ಮೇಲೆ ಯಾರನ್ನೆಲ್ಲ ಊಟಕ್ಕೆ ಕರೆಯಬೇಕು ಎನ್ನುವುದೇ ದಾರಿಯುದ್ದಕ್ಕೂ ಮಾತು. ಎದುರಾಳಿಯದು ಅಣ್ಣನಷ್ಟೇ ತೂಕ, ಆದರೆ ಉದ್ದಕ್ಕೆ ಬೆಳೆದು ಸಣಕಲನಂತೆ ಕಾಣುತ್ತಿದ್ದ. ಅಪ್ಪ ಅವನನ್ನು ನೋಡಿ ನಕ್ಕ.

“ಇವನ್ನ ಎತ್ತಿ ಒಗದು ಲಗೂ ಬಾ.”

ಅಣ್ಣ ನುಗ್ಗಿದ. ಆ ಸಣಕಲ ಹಿಂದೆ ಸರಿಯುತ್ತ ಹೋಗಿ, ಒಮ್ಮೆಲೇ ಬಗ್ಗಿ ಅಣ್ಣನ ಎಡಗಾಲು ಹಿಡಿದ. ಅಣ್ಣ ಬಿಡಿಸಿಕೊಳ್ಳಲು ಮೈ ತಿರುಗಿಸಿದ, ಕಾಲು ತಿರುಗಲಿಲ್ಲ. ಮೊಣಕಾಲು ಮುರಿದ ಸಪ್ಪಳ ನಾವು ಕೂತಲ್ಲಿಗೂ ಕೇಳಿಸಿತು. ಅಪ್ಪ ಇನ್ನೂ “ಏಳು, ಏಳು” ಅನ್ನುತ್ತಲೇ ಇದ್ದ.

ಇನ್ನು ಕುಸ್ತಿ ಸಾಧ್ಯವಿಲ್ಲ ಎಂದರು ಡಾಕ್ಟರು. ಮನೆಗೆ ನೋಡಲು ಬಂದ ನೆಂಟರೆದುರು ಅಪ್ಪ ಹೇಳಿದ: “ನನಗ ಮೊದಲ ಗೊತ್ತಿತ್ರಿ. ಎಡಗಾಲು ಹುಷಾರ್ ಅಂತ ಕಾರಿನ್ಯಾಗ ಅಂದಿದ್ದೆ.”

ಅಣ್ಣ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಚಹಾ ತಂದ ಅವ್ವ ಅಲ್ಲೇ ನಿಂತಳು.

“ಗೊತ್ತಿದ್ರ ಯಾಕ ಕಳಿಸಿದ್ರಿ?”

ಅಪ್ಪ ಅವಳ ಕೈಯಿಂದ ಚಹಾ ತೆಗೆದುಕೊಂಡು ನೆಂಟರಿಗೆ ಕೊಟ್ಟ. ಮರುದಿನ ಬೇರೆ ನೆಂಟರು ಬಂದಾಗ ಮತ್ತೆ ಅದನ್ನೇ ಹೇಳಿದ. ಅವನು ಸುಳ್ಳಾಡುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ತಾನು ಹೇಳಿದ್ದೆನೆಂದೇ ಅವನು ನಂಬಿದ್ದ.

ಈಗ ಅಣ್ಣ ಅಪ್ಪನ ಅಂಗಡಿಯಲ್ಲೇ ಕೂರುತ್ತಾನೆ. ಕಾಲು ಪೂರ್ತಿ ಮಡಚಲು ಬರುವುದಿಲ್ಲ. ಕಳೆದ ಶ್ರಾವಣದಲ್ಲಿ ನಾನು ತವರಿಗೆ ಹೋದಾಗ ಹೇಗೋ ಆ ಪಂದ್ಯದ ಮಾತು ಬಂತು.

“ತಪ್ಪು ನಂದ ತಂಗಿ. ಅಪ್ಪ ಹೇಳಿದ್ದ, ನಾ ಕೇಳಲಿಲ್ಲ” ಅಂದ.

“ಇಲ್ಲ ಅಣ್ಣಾ, ಹೇಳಿರಲಿಲ್ಲ. ಕಾರಿನ್ಯಾಗ ನಾನೂ ಇದ್ದೆ.”

“ನಿನಗ ನೆನಪಿಲ್ಲ ಬಿಡು” ಎಂದು, ಗೋಡೆ ಹಿಡಿದು ಮೆಲ್ಲಗೆ ಎದ್ದ.